ಹೊರಟೆ ಹೊರಟೆ ಎಂದ ಸೂರ್ಯ

ಲೋಕವನ್ನು ಆಗಷ್ಟೇ ಮಾಡಿ ಮುಗಿಸಿದ್ದರು. ಬೆಟ್ಟಗಳಿಗೆ ಬಳಿದ ಬಣ್ಣ ಇನ್ನೂ ಹಸಿ, ಮುಟ್ಟಿದರೆ ಕೈಗೆ ಅಂಟುತ್ತಿತ್ತು. ಸಮುದ್ರಕ್ಕೆ ಹಾಕಿದ ಉಪ್ಪು ಪೂರ್ತಿ ಕರಗಿರಲಿಲ್ಲ. ಆಗ ಗಾಳಿಯೂ ಮಾತಾಡುತ್ತಿತ್ತು, ಕಡಲೂ ಮಾತಾಡುತ್ತಿತ್ತು, ಹಕ್ಕಿಗಳಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಆದರೆ ಇವರೆಲ್ಲರಿಗಿಂತ ಮಾತಿನ ಆಸೆ ಜಾಸ್ತಿ ಇದ್ದವನು ಸೂರ್ಯ. ಪಾಪ, ಅವನ ಮಾತು ಕೇಳುವವರು ಮಾತ್ರ ಯಾರೂ ಇರಲಿಲ್ಲ.

ಅವನು ಬಂದ ಕೂಡಲೇ ಜನ ಎದ್ದು ಕೆಲಸಕ್ಕೆ ಓಡುತ್ತಿದ್ದರು. ಅವನು ಹೊರಟ ಕೂಡಲೇ ಬಾಗಿಲು ಹಾಕಿಕೊಂಡು ಮಲಗುತ್ತಿದ್ದರು. ಬಂದಾಗ ಬಾ ಎನ್ನುವವರಿಲ್ಲ, ಹೋಗುವಾಗ ಊಟ ಆಯಿತಾ ಎಂದು ಕೇಳುವವರಿಲ್ಲ. ಇಂಥವನಿಗೆ ಒಂದು ದಿನ ಒಬ್ಬ ಮುದುಕಿ "ಸ್ವಲ್ಪ ಸಾರು ಕುಡಿದು ಹೋಗು" ಎಂದುಬಿಟ್ಟಳು. ಎಲ್ಲ ತಾಪತ್ರಯವೂ ಶುರುವಾದದ್ದು ಅಲ್ಲಿಂದಲೇ.

ಆ ಮುದುಕಿಯ ಹೆಸರು ಉನ್ನ. ಊರಿಗೆಲ್ಲ ಉನ್ನಜ್ಜಿ. ಊರೆಂದರೆ ಭೂಮಿಯ ಉತ್ತರದ ತುದಿಯಲ್ಲಿ, ಇನ್ನು ಮುಂದೆ ಬರೀ ಮಂಜುಗಡ್ಡೆ ಎನ್ನುವಂಥ ಕಡೆ, ಒಂದು ಪುಟ್ಟ ದ್ವೀಪ. ಅಲ್ಲಿ ಹೆಸರಿಗೊಂದು ಮರವಿಲ್ಲ. ಗಾಳಿ ನಿಲ್ಲಲು ಬಿಟ್ಟರೆ ತಾನೆ! ಕಲ್ಲಿನ ಗೋಡೆ, ಮಾಡಿನ ಮೇಲೆ ಮಣ್ಣು, ಮಣ್ಣಿನ ಮೇಲೆ ಹುಲ್ಲು. ಕುರಿಗಳು ಮೇಯುತ್ತಾ ಮೇಯುತ್ತಾ ಮಾಡಿನ ಮೇಲೇ ಹತ್ತಿಬಿಡುತ್ತಿದ್ದವು. ಒಳಗೆ ಕೂತು ರೊಟ್ಟಿ ತಿನ್ನುತ್ತಿದ್ದರೆ ತಲೆಯ ಮೇಲೆ ಕರಕರ ಎಂದು ಕುರಿ ಹುಲ್ಲು ಕೀಳುವ ಸದ್ದು ಕೇಳುತ್ತಿತ್ತು.

ಆ ದ್ವೀಪದಲ್ಲಿ ಎಲ್ಲರಿಗೂ ಕೈತುಂಬ ಕೆಲಸ. ಜೌಗು ನೆಲವನ್ನು ಇಟ್ಟಿಗೆ ಇಟ್ಟಿಗೆಯಾಗಿ ಕೊಯ್ದು ಒಣಗಿಸಿ ಸೌದೆಯ ಬದಲು ಉರಿಸಬೇಕು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕಡಿದಾದ ಬಂಡೆಗೆ ಇಳಿದು ಕಡಲಹಕ್ಕಿಯ ಮೊಟ್ಟೆ ತರಬೇಕು. ಮೀನನ್ನು ಜೋಡಿ ಜೋಡಿಯಾಗಿ ಬಾಲಕ್ಕೆ ದಾರ ಕಟ್ಟಿ ಗಳುವಿನ ಮೇಲೆ ನೇತುಹಾಕಬೇಕು. ಇದೆಲ್ಲ ಮಾಡುತ್ತಲೇ ಕೈ ಬಿಡುವಾದಾಗ ಉಣ್ಣೆ ಹೆಣೆಯಬೇಕು. ಗಂಡಸರು ದೂರದ ನೀರಿಗೆ ದೋಣಿ ಹಾಕಿಕೊಂಡು ಹೋಗಿ ಮೀನು ಹಿಡಿಯಬೇಕು.

ಮತ್ತೆ, ಆ ದ್ವೀಪಕ್ಕೆ ಒಂದು ರೂಢಿ ಇತ್ತು. ಬಂದ ನೆಂಟನಿಗೆ "ಹೋಗು" ಎನ್ನುವ ಹಾಗಿಲ್ಲ. ಅಷ್ಟೇ ಅಲ್ಲ, ನೆಂಟ ಹೊರಡುವ ತನಕ ಊರವರು ಯಾರೂ ಕಣ್ಣು ಮುಚ್ಚುವ ಹಾಗಿಲ್ಲ. ಅದಕ್ಕೆ ಕಾರಣವೂ ಇತ್ತು ಅನ್ನಿ. ಅತ್ತ ಹೋದರೆ ನೀರು, ಇತ್ತ ಹೋದರೆ ನೀರು. ಹೊರಗೆ ಹಾಕಿದರೆ ಆ ಮನುಷ್ಯ ಹೋಗುವುದಾದರೂ ಎಲ್ಲಿಗೆ? ಹಾಗಾಗಿ "ಹೋಗು" ಎನ್ನುವ ಮಾತನ್ನು ಅವರು ಕುರಿಗೆ ಹೇಳುತ್ತಿದ್ದರು, ನಾಯಿಗೆ ಹೇಳುತ್ತಿದ್ದರು, ನೆಂಟನಿಗೆ ಮಾತ್ರ ಸತ್ತರೂ ಹೇಳುತ್ತಿರಲಿಲ್ಲ.

ಒಂದು ಬೇಸಿಗೆಯ ಸಂಜೆ. ಉನ್ನಜ್ಜಿಯ ಗಂಡ ಗಿಸ್ಲಿ, ಪಕ್ಕದ ಮನೆಯ ಸಿಸೆಲ್‌ಳ ಗಂಡನನ್ನೂ ಜೊತೆಗೆ ಹಾಕಿಕೊಂಡು ದೂರದ ನೀರಿಗೆ ಹೋಗಿದ್ದ. ಉನ್ನಜ್ಜಿ ಮನೆಯ ಮುಂದೆ ಸಾರು ಕುದಿಸುತ್ತಾ ಕೂತಿದ್ದಳು. ಸೂರ್ಯ ದಿನದ ಹಾಗೆ ಇಳಿಯುತ್ತಾ ಬಂದು, ಕಡಲಿನ ಅಂಚಿಗೆ ಒರಗಿ ಒಂದು ಗಳಿಗೆ ಉಸಿರು ಬಿಟ್ಟ. ನೋಡುವುದಕ್ಕೆ ಗೇಟಿನ ಹತ್ತಿರ ನಿಂತ ನೆಂಟನ ಹಾಗೇ ಇದ್ದ. ಅಜ್ಜಿಯ ಬಾಯಿ ಸುಮ್ಮನಿದ್ದೀತೇ?

"ಏನಪ್ಪಾ ಸೂರ್ಯಪ್ಪ, ಹಾಗೇ ಹೋಗೋದುಂಟಾ? ಸ್ವಲ್ಪ ಸಾರು ಕುಡಿದು ಹೋಗು."

ಸೂರ್ಯ ಬೆಚ್ಚಿಬಿದ್ದ. "ನನಗಾ? ನನಗೆ ಹೇಳಿದ್ದಾ ಅಜ್ಜಿ?"

"ಇನ್ಯಾರಿಗೆ? ಬಾ, ಕೂತ್ಕೋ."

ಲೋಕ ಹುಟ್ಟಿದಾಗಿನಿಂದ ಯಾರೂ ಅವನಿಗೆ ಕೂತ್ಕೋ ಎಂದಿರಲಿಲ್ಲ. ಬಂದ, ಸಾರು ಕುಡಿದ, ಇನ್ನೊಂದು ಬಟ್ಟಲು ಕುಡಿದ. ಆಮೇಲೆ ಮಾತಿಗೆ ಶುರು ಮಾಡಿದ.

ಅವನು ಮಾತಾಡಲು ಶುರುಮಾಡಿದರೆ ಕೂತಲ್ಲಿ ಕೂರುವವನಲ್ಲ. ಕೆಲವರಿರುತ್ತಾರಲ್ಲ, ಕೈ ಹಿಂದೆ ಕಟ್ಟಿಕೊಂಡು ಹಾಲ್‌ನಲ್ಲಿ ಅತ್ತಿಂದಿತ್ತ ಓಡಾಡುತ್ತಲೇ ಮಾತಾಡುವವರು, ಅಂಥವನು. ಕಡಲಿನ ಅಂಚು ಹಿಡಿದು ದ್ವೀಪದ ಸುತ್ತ ಸುತ್ತುತ್ತಾ ಮಾತಾಡಿದ. ದಕ್ಷಿಣದ ಕಡೆ ಸುತ್ತಿದಾಗ ದಕ್ಷಿಣದ ದೇಶಗಳಿಗೆಲ್ಲ ಹಗಲಾಯಿತು, ಉತ್ತರದ ಕಡೆ ಸುತ್ತಿದಾಗ ಅವರಿಗೆಲ್ಲ ರಾತ್ರಿಯಾಯಿತು. ಹಾಗಾಗಿ ಬೇರೆ ಯಾರಿಗೂ ಏನೂ ಗೊತ್ತಾಗಲಿಲ್ಲ. ದ್ವೀಪಕ್ಕೆ ಮಾತ್ರ ಹಗಲು ಮುಗಿಯಲೇ ಇಲ್ಲ.

ಒಂಟೆಯ ಬಗ್ಗೆ ಹೇಳಿದ. ಮರಳುಗಾಡಿನ ಬಗ್ಗೆ ಹೇಳಿದ. ಆನೆಯೊಂದು ಹೊಳೆಯಲ್ಲಿ ಮಲಗಿ ಏಳಲು ಒಲ್ಲೆ ಎಂದದ್ದನ್ನು ಹೇಳಿದ. ಮಾವಿನಹಣ್ಣು ಹೇಗಿರುತ್ತದೆ ಎಂದು ವರ್ಣಿಸಿ ವರ್ಣಿಸಿ ಹೇಳಿದ. ಉನ್ನಜ್ಜಿ "ಹೌದಾ?" ಅಂದಳು, "ಅಬ್ಬಾ" ಅಂದಳು, "ಹಾಂ" ಅಂದಳು, ಕೊನೆಗೆ ಬರೀ "ಹೂಂ" ಅಂದಳು.

"ಇನ್ನು ಹೊರಟೆ ಅಜ್ಜಿ" ಎಂದ ಸೂರ್ಯ.

"ಒಳ್ಳೇದಪ್ಪಾ" ಎಂದು ಅಜ್ಜಿ ಥಟ್ಟನೆ ಎದ್ದು ನಿಂತಳು. ನೆಂಟನನ್ನು ನೀರಿನ ಅಂಚಿನವರೆಗೂ ಹೋಗಿ ಕಳಿಸಿಕೊಡುವುದು ಅಲ್ಲಿಯ ಪದ್ಧತಿ. ಸೂರ್ಯ ಇಳಿದ, ಇಳಿದ, ಇನ್ನೇನು ನೀರಿಗೆ ಅಂಗಾಲು ತಾಗಬೇಕು, ತಿರುಗಿ ನಿಂತ.

"ಅಂದ ಹಾಗೆ ಅಜ್ಜಿ, ನವಿಲಿನ ವಿಷಯ ಹೇಳಿದೆನಾ?"

ಮತ್ತೆ ಮೇಲೆ ಬಂದ.

ಇದು ಒಂದು ಸಲವಾದರೆ ಸರಿ. ಪ್ರತಿ ಸುತ್ತಿಗೂ ಇದೇ ಕಥೆ. "ಇನ್ನು ಹೊರಟೆ ಅಜ್ಜಿ." ಅಜ್ಜಿ ಏಳುವುದು, ಮೊಣಕಾಲು ಹಿಡಿದುಕೊಂಡು ದಡಕ್ಕೆ ನಡೆಯುವುದು, ಸೂರ್ಯ ನೀರಿನ ಹತ್ತಿರಕ್ಕೆ ಬಂದು "ಅಂದ ಹಾಗೆ" ಎನ್ನುವುದು. ಆ "ಅಂದ ಹಾಗೆ" ಕಿವಿಗೆ ಬಿದ್ದರೆ ಸಾಕು, ಉನ್ನಜ್ಜಿಯ ಮೈಯೆಲ್ಲ ಉರಿಯುತ್ತಿತ್ತು.

ನಿದ್ದೆ ಎಂಬುದು ದ್ವೀಪದಿಂದಲೇ ಹೋಯಿತು. ಕೋಳಿ ಯಾವಾಗ ಕೂಗಬೇಕೆಂದು ತಿಳಿಯದೆ ಸುಮ್ಮನೆ ಕೂತಿತು. ಕುರಿಗಳು ಮೇಯುವುದನ್ನು ನಿಲ್ಲಿಸದೆ ಮಾಡನ್ನೆಲ್ಲ ಬೋಳಿಸಿದವು. ಪಕ್ಕದ ಮನೆಯ ಸಿಸೆಲ್ ಕೆಂಪು ಕಣ್ಣು ಮಾಡಿಕೊಂಡು, ಹೆಣಿಗೆ ಕಡ್ಡಿ ಕೈಯಲ್ಲಿ ಹಿಡಿದು ಬಂದಳು.

"ಅಜ್ಜಿ, ನೋಡಿ ಈ ಕಾಲುಚೀಲ. ನಿದ್ದೆಗಣ್ಣಲ್ಲಿ ಹೆಣೆದೂ ಹೆಣೆದೂ ನನ್ನ ಎತ್ತರ ಆಗಿದೆ. ಇನ್ನೂ ಎಷ್ಟು ಹೊತ್ತು ನಿಮ್ಮ ನೆಂಟ?"

"ನನ್ನ ನೆಂಟನಂತೆ! ಊರಿಗೆಲ್ಲ ಬರುವವನು ನನ್ನೊಬ್ಬಳ ನೆಂಟ ಹೇಗಾದ?"

"ಸಾರು ಕೊಟ್ಟವರು ಯಾರು? ನಾನಾ?"

ಉನ್ನಜ್ಜಿ ಮೂಲೆಯ ಪೊರಕೆ ಎತ್ತಿಕೊಂಡಳು. ಉತ್ತರ ಹೊಳೆಯದಿದ್ದಾಗ ಅವಳು ಯಾವಾಗಲೂ ಪೊರಕೆ ಹಿಡಿಯುತ್ತಿದ್ದಳು. ಹೊಳೆದದ್ದೇ ಆಗ, ಒಂದು ಉಪಾಯ. ಬಾಯಿಬಿಟ್ಟು ಹೋಗು ಅನ್ನಬಾರದು, ನಿಜ. ಅವನಿಗೇ ಅರ್ಥವಾಗುವ ಹಾಗೆ ಮಾಡಬಾರದೆಂದು ಯಾರು ಹೇಳಿದ್ದಾರೆ?

ಸೂರ್ಯನ ಎದುರಿಗೇ ಧೂಳೆಬ್ಬಿಸಿ ಅಂಗಳ ಗುಡಿಸಿದಳು.

"ಓಹೋ, ಕಸ ಕಾಣ್ತಾ ಇಲ್ವಾ ಅಜ್ಜಿ? ತಡಿ" ಎಂದು ಸೂರ್ಯ ಇನ್ನಷ್ಟು ಬೆಳಗಿದ.

ಸಾರಿನ ಪಾತ್ರೆ ತೊಳೆದು ಕವುಚಿ ಇಟ್ಟಳು.

"ಒಳ್ಳೆ ಕೆಲಸ. ಬೇಗ ಒಣಗುತ್ತೆ" ಎಂದು ಸೂರ್ಯ ಪಾತ್ರೆಯ ಮೇಲೇ ಬಿಸಿಲು ಚೆಲ್ಲಿದ.

ದವಡೆ ಕಳಚಿಬೀಳುವ ಹಾಗೆ ಆಕಳಿಸಿದಳು. "ನಿಮ್ಮನೇಲಿ ಕಾಯ್ತಾ ಇರ್ತಾರೇನೋ, ಅಲ್ವಾ ಸೂರ್ಯಪ್ಪ?"

"ನನಗೆಲ್ಲಿ ಮನೆ ಅಜ್ಜಿ? ಇದೇ ನನಗೆ ಮನೆ ಇದ್ದ ಹಾಗೆ" ಎಂದ ಸೂರ್ಯ. ಅವನ ಕಣ್ಣಲ್ಲಿ ನೀರು. ಎಂಥ ಕಠಿಣ ಹೃದಯದವಳಾದರೂ ಅದಕ್ಕೆ ಏನು ಹೇಳುವುದು? ಉನ್ನಜ್ಜಿ ಒಳಗೆ ಹೋಗಿ ಗೋಡೆಗೆ ಹಣೆ ಚಚ್ಚಿಕೊಂಡು ಬಂದಳು.

ಇಷ್ಟರವರೆಗೆ ಬರೀ ನಿದ್ದೆಯ ಗೋಳು. ನಿದ್ದೆ ಇಲ್ಲದೆ ಯಾರೂ ಸಾಯುವುದಿಲ್ಲ ಎಂದುಕೊಂಡು ಅಜ್ಜಿ ಹಲ್ಲು ಕಚ್ಚಿಕೊಂಡಿದ್ದಳು. ಆಗ ಬಿಳಿಯ ಕಡಲಹಕ್ಕಿಯೊಂದು ಹಾರಿ ಬಂದು ಮೀನಿನ ಗಳುವಿನ ಮೇಲೆ ಕೂತಿತು.

"ಅಜ್ಜೀ, ನಿಮ್ಮ ಯಜಮಾನರ ದೋಣಿ ನೋಡಿದೆ. ಅಲ್ಲೇ ಗಿರಗಿರ ಸುತ್ತುತ್ತಾ ಇದೆ."

"ಸುತ್ತುತ್ತಾ ಇದೆ ಅಂದರೆ? ಮನೆಗೆ ಬರೋದು ಬಿಟ್ಟು?"

"ದಾರಿ ಗೊತ್ತಾದರೆ ತಾನೆ ಬರೋದು!"

ಉನ್ನಜ್ಜಿ ಕಡಲಿನ ಕಡೆಗೆ ತಿರುಗಿದಳು. ಇದು ಅವಳಿಗೆ ಯಾಕೆ ಹೊಳೆದಿರಲಿಲ್ಲ? ದೂರದ ನೀರಿನಿಂದ ದೋಣಿ ತಿರುಗುವುದು ನಕ್ಷತ್ರ ನೋಡಿಕೊಂಡು. ಉತ್ತರದಲ್ಲಿ ಅಲುಗಾಡದೆ ನಿಲ್ಲುವ ಒಂದು ನಕ್ಷತ್ರವಿದೆಯಲ್ಲ, ನಾವು ಧ್ರುವ ಅನ್ನುತ್ತೇವಲ್ಲ, ಅದೇ. ದೋಣಿಯ ಮೂತಿಯನ್ನು ಅದಕ್ಕೆ ಹಿಡಿದರೆ ನೆಟ್ಟಗೆ ದ್ವೀಪ. ಈಗ ಕತ್ತಲೆಯೇ ಇಲ್ಲದೆ ನಕ್ಷತ್ರ ಎಲ್ಲಿಂದ ಬರಬೇಕು? ಸೂರ್ಯ ಹುಟ್ಟುವ ದಿಕ್ಕು, ಮುಳುಗುವ ದಿಕ್ಕು ನೋಡೋಣವೆಂದರೆ ಈ ಮಹಾನುಭಾವ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದಾನೆ. ಅವನನ್ನು ನಂಬಿ ದೋಣಿಯೂ ಸುತ್ತುತ್ತಿದೆ.

"ಕುಡಿಯುವ ನೀರು ತಳ ಕಾಣ್ತಾ ಇದೆ" ಎಂದಿತು ಹಕ್ಕಿ.

"ಅಯ್ಯೋ, ನೀನೇ ದಾರಿ ತೋರಿಸಿ ಕರ್ಕೊಂಡು ಬರಬಾರದಾ?"

"ಹೋಗಿದ್ದೆ. ನಿಮ್ಮ ಯಜಮಾನರು ನನ್ನ ಕಂಡ ಕೂಡಲೇ ಹುಟ್ಟು ಎತ್ತಿಕೊಂಡರು, ಮೀನು ಕದಿಯೋಕೆ ಬಂದೆ ಅಂತ."

"ಕದಿಯೋಕೆ ಹೋಗಿದ್ದಾ?"

"ಒಂದೇ ಒಂದು" ಎಂದಿತು ಹಕ್ಕಿ.

ಉನ್ನಜ್ಜಿ ತಲೆಯ ಮೇಲೆ ಕೈ ಹೊತ್ತಳು. ಆಮೇಲೆ ಗುಡ್ಡ ಹತ್ತಿ ಗಾಳಿಯನ್ನು ಕರೆದಳು. ಗಾಳಿ ಆ ದ್ವೀಪದ ಪೋಲಿ ಹುಡುಗ. ಬಲ ಬೇಕಾದಷ್ಟು, ತಲೆ ಮಾತ್ರ ಅಷ್ಟಕ್ಕಷ್ಟೇ.

"ಏ ಗಾಳಿ, ನಾನು ಹೋಗು ಅನ್ನೋ ಹಾಗಿಲ್ಲ. ನೀನು ಏನಾದರೂ ಮಾಡಿ ಕತ್ತಲೆ ಮಾಡು. ನನ್ನ ಮುದುಕನಿಗೆ ನಕ್ಷತ್ರ ಕಾಣಬೇಕು."

"ಅಷ್ಟೇನಾ?" ಎಂದು ಗಾಳಿ ಕಡಲಿನ ಮೂಲೆ ಮೂಲೆಯಿಂದ ಮೋಡ ತಳ್ಳಿಕೊಂಡು ಬಂದು ಆಕಾಶಕ್ಕೆಲ್ಲ ಹೊದಿಸಿತು. "ನೋಡಜ್ಜಿ! ಸೂರ್ಯ ಕಾಣ್ತಾ ಇದ್ದಾನಾ?"

"ಸೂರ್ಯ ಕಾಣ್ತಿಲ್ಲ ಸರಿ. ಈ ಮೋಡದೊಳಗೆ ನಕ್ಷತ್ರ ಹೇಗೋ ಕಾಣುತ್ತೆ, ಮಂಕೇ!"

ಗಾಳಿ ಮೇಲೆ ನೋಡಿತು, ಕೆಳಗೆ ನೋಡಿತು. "ಅದನ್ನ ನೀನು ಮೊದಲೇ ಹೇಳಬೇಕಿತ್ತು" ಎಂದು ಕೋಪಿಸಿಕೊಂಡು, ಮೋಡವನ್ನೆಲ್ಲ ಬಾಚಿಕೊಂಡು ಹೊರಟೇ ಹೋಯಿತು. ಹೋಗುವಾಗ ಒಣಹಾಕಿದ್ದ ಸಿಸೆಲ್‌ಳ ಕಾಲುಚೀಲವನ್ನೂ ಹೊತ್ತುಕೊಂಡು ಹೋಯಿತು.

ಮೋಡ ಸರಿದಾಗ ಸೂರ್ಯ ಕಡಲಿನ ಅಂಚಿನಲ್ಲಿ ನಗುತ್ತಾ ನಿಂತಿದ್ದ. "ಮೋಡದ ಹಿಂದೆ ಒಬ್ಬನೇ ಇದ್ದು ಬೇಜಾರಾಯ್ತು ಅಜ್ಜಿ. ಸರಿ, ಇನ್ನು ಹೊರಟೆ."

ಉನ್ನಜ್ಜಿ ಎಂದಿನಂತೆ ದಡಕ್ಕೆ ಬಂದಳು. ಸಿಸೆಲ್‌ಳೂ ಹಿಂದೆಯೇ ಬಂದಳು. ಸೂರ್ಯ ಇಳಿದ. ಉನ್ನಜ್ಜಿ ಮುಷ್ಟಿ ಬಿಗಿ ಹಿಡಿದಳು. ಸೂರ್ಯ ಇನ್ನೂ ಇಳಿದ. ಉನ್ನಜ್ಜಿ ಉಸಿರು ಬಿಗಿ ಹಿಡಿದಳು. ಸೂರ್ಯನ ಅಂಗಾಲು ಇನ್ನೇನು ನೀರಿಗೆ ತಾಗಬೇಕು.

"ಅಂದ ಹಾಗೆ ಅಜ್ಜಿ..."

"ಹೋಗೋ!" ಎಂದು ಕಿರುಚಿದಳು ಉನ್ನಜ್ಜಿ.

ಮಾಡಿನ ಮೇಲಿನ ಕುರಿ ಬಾಯಲ್ಲಿ ಹುಲ್ಲು ಹಿಡಿದುಕೊಂಡೇ ನಿಂತಿತು. ಬಂಡೆಯ ಮೇಲೆ ಮಲಗಿದ್ದ ಸೀಲ್ ಎಂಬ ಕಡಲಪ್ರಾಣಿಗಳು ತಲೆ ಎತ್ತಿ ನೋಡಿದವು. ಸಿಸೆಲ್‌ಳ ಕೈಯಿಂದ ಹೆಣಿಗೆ ಕಡ್ಡಿ ಜಾರಿ ಬಿತ್ತು. "ಅಜ್ಜಿ, ಏನಂದಿರಿ?" ಎಂದು ಪಿಸುಗುಟ್ಟಿದಳು. ಆ ಮಾತನ್ನು ನೆಂಟನಿಗೆ ಹೇಳಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಹೋಗು ಅಂದೆ. ಹೌದು, ಅಂದೆ!" ಉನ್ನಜ್ಜಿ ಎರಡೂ ಕೈ ಮುಗಿದಳು. "ಹೋಗಪ್ಪಾ ಮಾರಾಯ, ನಿನ್ನ ದಮ್ಮಯ್ಯ ಅಂತೀನಿ. ನೀನಿದ್ದರೆ ನಕ್ಷತ್ರ ಬರಲ್ಲ. ನಕ್ಷತ್ರ ಬರದಿದ್ದರೆ ನನ್ನ ಮುದುಕ ಬರಲ್ಲ. ಅಲ್ಲಿ ನೀರಿಲ್ಲದೆ ಸಾಯ್ತಾ ಇದ್ದಾನೆ, ಇಲ್ಲಿ ನೀನು ನವಿಲಿನ ಗರಿ ಎಣಿಸ್ತಾ ಇದ್ದೀಯ!"

ಸೂರ್ಯ ನಿಂತಲ್ಲೇ ನಿಂತ. ಮೊದಲು ಅವನ ಕಿವಿ ಕೆಂಪಾಯಿತು. ಆಮೇಲೆ ಕೆನ್ನೆ, ಆಮೇಲೆ ಇಡೀ ಮುಖ. ಆ ಕೆಂಪು ಅವನ ಮುಖದಲ್ಲೇ ನಿಲ್ಲಲಾರದೆ ನೀರಿನ ಮೇಲೆಲ್ಲ ಚೆಲ್ಲಿತು, ಉಳಿದಿದ್ದ ಚೂರುಪಾರು ಮೋಡಕ್ಕೂ ಹತ್ತಿತು.

"ಮೊದಲೇ ಹೇಳಬಾರದಿತ್ತಾ ಅಜ್ಜಿ?" ಎಂದ, ಸಣ್ಣ ದನಿಯಲ್ಲಿ.

"ಹೇಗಪ್ಪಾ ಹೇಳಲಿ? ನಮ್ಮಲ್ಲಿ ಹೇಳೋ ಹಾಗಿಲ್ಲ."

ಸೂರ್ಯ ಮತ್ತೇನೋ ಹೇಳಲು ಬಾಯಿ ತೆರೆದ. ಮುಚ್ಚಿದ. ಒಂದೇ ಸಲಕ್ಕೆ ಕಡಲಿನ ಕೆಳಗೆ ಇಳಿದುಬಿಟ್ಟ. ಮಾತಿಲ್ಲದೆ ಅವನು ಹೊರಟದ್ದು ಅದೇ ಮೊದಲು.

ಕತ್ತಲಾಯಿತು. ಎಷ್ಟು ಚೆಂದದ ಕತ್ತಲೆ! ಬಂಡೆಯ ಬಿಲದೊಳಗೆ ಹಕ್ಕಿಮರಿಗಳು ಸಾಲಾಗಿ ಮಲಗಿದವು. ಕುರಿಗಳು ನಿಂತಲ್ಲೇ ಕುಸಿದವು. ಸಿಸೆಲ್ ದಡದ ಮರಳಿನಲ್ಲೇ ತೂಕಡಿಸಿದಳು. ಉನ್ನಜ್ಜಿ ಮಾತ್ರ ಕಣ್ಣು ಮುಚ್ಚಲಿಲ್ಲ. ತಲೆ ಎತ್ತಿಕೊಂಡು, ಉತ್ತರದಲ್ಲಿ ಆ ನಕ್ಷತ್ರ ಸಣ್ಣಗೆ ಮಿನುಗುವುದನ್ನು ನೋಡುತ್ತಾ ಕೂತಳು.

ಕೊನೆಗೂ ಹುಟ್ಟಿನ ಸದ್ದು ಕೇಳಿತು. ದೋಣಿಯ ಮೂತಿ ಮರಳಿಗೆ ತಾಗಿತು. ತುಟಿ ಒಡೆದು, ಗಡ್ಡದಲ್ಲಿ ಉಪ್ಪು ಹಿಡಿದ ಗಿಸ್ಲಿ ಇಳಿದು ಬಂದ. ಎರಡು ಚೆಂಬು ನೀರು ಗಟಗಟ ಕುಡಿದು, ಬಾಯಿ ಒರೆಸಿಕೊಂಡು ಕೇಳಿದ, "ಯಾವ ಪುಣ್ಯಾತ್ಮರ ಮನೆಗೆ ಹೋಗಿದ್ದ ಆ ಸೂರ್ಯ? ಮುಳುಗೋದನ್ನೇ ಮರೆತಿದ್ದನಲ್ಲ!"

ಸಿಸೆಲ್ ತನ್ನ ಗಂಡನ ತೋಳು ಹಿಡಿದು ನಿಂತಿದ್ದವಳು ಕಿಸಕ್ಕನೆ ನಕ್ಕಳು. ಉನ್ನಜ್ಜಿ "ಒಳಗೆ ನಡಿ, ಸುಮ್ಮನೆ" ಎಂದು ಗಂಡನ ಬೆನ್ನಿಗೆ ಒಂದು ಗುದ್ದಿದಳು. ಗುದ್ದಿದ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಎಲ್ಲಿ ಮುಗಿಯುತ್ತದೆ? ಹೋದ ಸೂರ್ಯ ತಿರುಗಿ ಬರಲೇ ಇಲ್ಲ. ದಕ್ಷಿಣದ ದೇಶಗಳಿಗೆ ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದ, ಬರುತ್ತಿದ್ದ. ದ್ವೀಪದ ಕಡೆಗೆ ಮಾತ್ರ ಮುಖ ಹಾಕಲಿಲ್ಲ. ಕತ್ತಲೆ ಮುಂದುವರಿಯಿತು, ಹಿಮ ಬಿತ್ತು, ಚಳಿ ಏರಿತು. ಮೊದಮೊದಲು ಜನ ಚೆನ್ನಾಗಿ ನಿದ್ದೆ ಮಾಡಿದರು. ಆಮೇಲೆ ನಿದ್ದೆಯೂ ಬೇಜಾರಾಯಿತು. ಕತ್ತಲೆಯಲ್ಲಿ ಒಬ್ಬರ ಮನೆಯೆಂದು ಇನ್ನೊಬ್ಬರ ಮನೆಗೆ ಹೋಗಿ ಕೂತರು. ಗಿಸ್ಲಿ ತನ್ನ ಕುರಿಯೆಂದು ಸೀಲೊಂದನ್ನು ಹಟ್ಟಿಗೆ ಅಟ್ಟಿಕೊಂಡು ಬಂದ.

"ಇವನದ್ದೊಂದು!" ಎಂದು ಉನ್ನಜ್ಜಿ ಸಿಡುಕಿದಳು. "ಬಂದರೆ ಹೋಗಲ್ಲ, ಹೋದರೆ ಬರಲ್ಲ!"

ಆದರೆ ಒಂದು ವಿಷಯ ಅವಳ ಕಣ್ಣಿಗೆ ಬಿದ್ದಿತ್ತು. ನಡುಹಗಲಾಗಬೇಕಾದ ಹೊತ್ತಿಗೆ ದಕ್ಷಿಣದ ಕಡಲಿನ ಅಂಚಿನಲ್ಲಿ, ಬಾಗಿಲ ಸಂದಿಯಿಂದ ದೀಪ ಕಂಡ ಹಾಗೆ, ಒಂದಿಷ್ಟು ಬೆಳಕು ಕಾಣುತ್ತಿತ್ತು. ಯಾರೋ ನೀರಿನ ಕೆಳಗೆ ಬಗ್ಗಿ ಕೂತು ಕದ್ದು ಕೇಳುತ್ತಿದ್ದ ಹಾಗೆ. ಉನ್ನಜ್ಜಿ ಹಿಮದಲ್ಲಿ ದಡಬಡ ನಡೆದು ದಡಕ್ಕೆ ಹೋಗಿ ಸೊಂಟದ ಮೇಲೆ ಕೈಯಿಟ್ಟಳು.

"ಸೂರ್ಯಪ್ಪಾ, ನೀನಿರೋದು ಗೊತ್ತಾಗ್ತಿದೆ. ಎದ್ದು ಬಾ."

"ಬರಲ್ಲ" ಎಂದಿತು ಕಡಲಿನ ಕೆಳಗಿನ ದನಿ. "ಬಂದರೆ ಮತ್ತೆ ಮಾತಾಡ್ತೀನಿ. ನಾನು ನನ್ನನ್ನ ಬಲ್ಲೆ."

"ಮಾತಾಡು. ಯಾರು ಬೇಡ ಅಂದರು? ಬೇಸಿಗೆಯಲ್ಲಿ ಬಾ, ಹೊಟ್ಟೆ ತುಂಬ ಮಾತಾಡು. ಆಗ ನಮ್ಮ ದೋಣಿಗಳನ್ನ ದೂರ ಕಳಿಸಲ್ಲ. ಹತ್ತಿರದಲ್ಲೇ ಹುಲ್ಲು ಕೊಯ್ಯೋದು, ಮೊಟ್ಟೆ ಹುಡುಕೋದು, ಮೀನು ಒಣಗಿಸೋದು, ಬೇಕಾದಷ್ಟು ಕೆಲಸ ಇದೆ. ಚಳಿಗಾಲದಲ್ಲಿ ಮಾತ್ರ ಆಕಾಶವನ್ನ ನಕ್ಷತ್ರಕ್ಕೆ ಬಿಟ್ಟುಕೊಡು. ದೂರದ ನೀರಿಗೆ ಆಗ ಹೋಗ್ತಾರೆ."

ಕಡಲಿನ ಅಂಚಿನ ಬೆಳಕು ಒಂದಿಷ್ಟು ಮೇಲೆ ಬಂತು.

"ಮತ್ತೆ ಹೋಗು ಅನ್ನಲ್ಲ ತಾನೆ?"

"ಅನ್ನದೆ ಏನು? ಬೇಸಿಗೆ ಮುಗಿದ ಕೂಡಲೇ ಅಂತೀನಿ. ಇನ್ನು ಮೇಲೆ ಈ ದ್ವೀಪದಲ್ಲಿ ಯಾರಿಗೆ ಏನು ಹೇಳಬೇಕೋ ನೆಟ್ಟಗೆ ಮುಖಕ್ಕೇ ಹೇಳ್ತೀವಿ, ನಿದ್ದೆ ಬಂದರೆ ನೆಂಟ ಇದ್ದರೂ ಮಲಗ್ತೀವಿ. ನನಗಂತೂ ಸಾಕಾಗಿದೆ, ಗೋಡೆಗೆ ಹಣೆ ಚಚ್ಚಿ ಚಚ್ಚಿ."

ಕಡಲಿನ ಕೆಳಗಿಂದ ಮೆಲ್ಲಗೆ ನಗುವ ಸದ್ದು ಬಂತು. ಮಾರನೆಯ ದಿನ ಸೂರ್ಯನ ನೆತ್ತಿ ಮಾತ್ರ ಕಾಣಿಸಿತು. ಆಮೇಲೆ ಹಣೆ, ಆಮೇಲೆ ಕಣ್ಣು. ಬೇಸಿಗೆ ಬರುವಷ್ಟರಲ್ಲಿ ಪೂರ್ತಿ ಸೂರ್ಯನೇ ಬಂದು, ಕೈ ಹಿಂದೆ ಕಟ್ಟಿಕೊಂಡು, ದ್ವೀಪದ ಸುತ್ತ ಸುತ್ತಲು ಶುರುಮಾಡಿದ. ಉನ್ನಜ್ಜಿ ಕಿಟಕಿಗೆ ದಪ್ಪ ಕಂಬಳಿ ಕಟ್ಟಿ, ಒಳಗೆ ಹೋಗಿ ಮಲಗಿದಳು. ಅವನು ಹೊರಗೆ ಮಾತಾಡುತ್ತಿದ್ದ. ಕುರಿಗಳು ಕೇಳುತ್ತಿದ್ದವು.

ಹೀಗಾಗಿ ಮಗು, ಈಗಲೂ ಉತ್ತರದ ಆ ದ್ವೀಪಗಳಲ್ಲಿ ಬೇಸಿಗೆಯಿಡೀ ಸೂರ್ಯ ಮುಳುಗುವುದಿಲ್ಲ, ಚಳಿಗಾಲದಲ್ಲಿ ಮುಖ ತೋರಿಸುವುದಿಲ್ಲ. ಆದರೆ ಅವತ್ತು ದಡದಲ್ಲಿ ಕೇಳಿಸಿಕೊಂಡ ಆ ಒಂದು ಮಾತನ್ನು ಅವನು ಎಲ್ಲಿಗೆ ಹೋದರೂ ಮರೆತಿಲ್ಲ. ಇವತ್ತು ಸಂಜೆ ಮಹಡಿಯ ಮೇಲೆ ಹೋಗಿ ನೋಡು: ನಮ್ಮೂರಿನಿಂದ ಹೊರಡುವಾಗಲೂ ಅವನ ಮುಖ ಕೆಂಪಗಾಗಿರುತ್ತದೆ, ಏನೋ ಹೇಳುವವನ ಹಾಗೆ ಒಂದು ಗಳಿಗೆ ನಿಲ್ಲುತ್ತಾನೆ, ಆಮೇಲೆ ಯಾರಾದರೂ ಹೋಗು ಅನ್ನುವ ಮೊದಲೇ ಸರಕ್ಕನೆ ಇಳಿದುಬಿಡುತ್ತಾನೆ.